ಕಾಣದ ಹೊತ್ತಿನ ಬೆಂಕಿ

ವಿಶ್ವಗುರು ಬಸವಣ್ಣನವರು ತಮ್ಮ ವಚನವೊಂದರಲ್ಲಿ ಪರಮಾತ್ಮನ ಗುಪ್ತವಾದ ಇರವಿಗೆ ನೀರಿನೊಳಗೆ ಅಡಗಿದ ಬೆಂಕಿಯ ಹೋಲಿಕೆಯನ್ನು ಕೊಟ್ಟಿದ್ದಾರೆ. ನೀರು ಬೆಂಕಿಯನ್ನು ನಂದಿಸುತ್ತದೆ ಎಂಬುದು ಲೋಕದ ಅನುಭವ. ನೀರಿನ ನಡುವೆಯೇ ಬೆಂಕಿ ನೆಲೆಸಿರುವ ತಾಣವೊಂದನ್ನು ಕಂಡವರಿಗೆ ಈ ಹೋಲಿಕೆಯ ಆಳ ಇನ್ನಷ್ಟು ತಿಳಿದೀತು.

ಇಟಲಿ ದೇಶದ ಸಿಸಿಲಿಯ ಉತ್ತರಕ್ಕೆ, ಮೆಡಿಟರೇನಿಯನ್ ಸಮುದ್ರದಲ್ಲಿ ಸ್ಟ್ರಾಂಬೋಲಿ ಎಂಬ ಪುಟ್ಟ ದ್ವೀಪವಿದೆ. ಅದು ಜ್ವಾಲಾಮುಖಿಯೊಂದರ ತುದಿ. ನೀರಿನ ಮೇಲೆ ಕಾಣುವುದು ಸುಮಾರು 920 ಮೀಟರ್ ಮಾತ್ರ. ಅದರ ಎರಡರಷ್ಟು ಪರ್ವತ ಕಡಲಿನಡಿ ಅಡಗಿದೆ. ಸಂಜೆಯಾದೊಡನೆ ದೋಣಿಗಳು ಪ್ರವಾಸಿಗರನ್ನು ಕೂರಿಸಿಕೊಂಡು ದ್ವೀಪವನ್ನು ಸುತ್ತುತ್ತವೆ. ಕಪ್ಪು ಮರಳಿನ ದಂಡೆ, ಬಿಳಿಯ ಮನೆಗಳು, ದೀಪಸ್ತಂಭವನ್ನು ಹೊತ್ತ ಒಂಟಿ ಬಂಡೆ, ಇನ್ನೊಂದು ಬದಿಯ ಜಿನೋಸ್ತ್ರ ಎಂಬ ಹಳ್ಳಿ ಇವೆಲ್ಲವನ್ನೂ ತೋರಿಸಿ, ಕೊನೆಗೆ ವಾಯವ್ಯದ ಕಡಿದಾದ ಇಳಿಜಾರಿನ ಎದುರು ದೂರದಲ್ಲಿ ನಿಲ್ಲುತ್ತವೆ.

ಕತ್ತಲು ಕವಿಯುತ್ತದೆ. ಎಲ್ಲರೂ ಶಿಖರದತ್ತ ಕಣ್ಣಿಟ್ಟು ಕಾಯುತ್ತಾರೆ. ಹತ್ತು ನಿಮಿಷ ಕಳೆಯುತ್ತದೆ, ಇಪ್ಪತ್ತು ನಿಮಿಷವೂ ಕಳೆಯಬಹುದು. ಬೇಸತ್ತವರು ಕ್ಯಾಮೆರಾವನ್ನು ಒಳಗಿಡುತ್ತಾರೆ. ಅಷ್ಟರಲ್ಲಿ ಕೆಂಡದ ಕಾರಂಜಿಯೊಂದು ಚಿಮ್ಮಿ, ಕ್ಷಣದಲ್ಲಿ ಮರೆಯಾಗುತ್ತದೆ. ಬೆಂಕಿ ಆಗ ಹುಟ್ಟಿದ್ದಲ್ಲ. ಕತ್ತಲಿನ ಆ ನಿಮಿಷಗಳಲ್ಲಿಯೂ ಕರಗಿದ ಶಿಲೆಯೊಳಗೆ ಅನಿಲದ ಗುಳ್ಳೆಗಳು ಮೇಲೇರುತ್ತಲೇ ಇರುತ್ತವೆ. ಅವು ಬಾಯಿಗೆ ಬಂದು ಒಡೆದಾಗ ಮಾತ್ರ ನಮ್ಮ ಕಣ್ಣಿಗೆ ಕಾಣುತ್ತದೆ. ಸಾವಿರಾರು ವರ್ಷಗಳಿಂದ ಇದು ಹೀಗೆಯೇ ನಡೆದುಬಂದಿದೆ.

ದ್ವೀಪದಲ್ಲಿ ಬಾಳುವ ಕೆಲವು ನೂರು ಜನ ಬೆಂಕಿ ಇದೆಯೋ ಇಲ್ಲವೋ ಎಂದು ಶಿಖರವನ್ನು ನೋಡಬೇಕಾಗಿಲ್ಲ. 2002ರ ಡಿಸೆಂಬರ್ 30ರಂದು ಇದೇ ಇಳಿಜಾರು ಕುಸಿದು, ಸುನಾಮಿ ಎದ್ದು ಹಳ್ಳಿಗೆ ಅಪ್ಪಳಿಸಿತು. 2019ರ ಜುಲೈ 3ರ ಸ್ಫೋಟದಲ್ಲಿ ಚಾರಣಿಗನೊಬ್ಬ ಅಸುನೀಗಿದ. ಕಾಣದಿರುವಾಗಲೂ ಅದು ಇದೆ ಎಂಬ ಅರಿವಿನಲ್ಲಿಯೇ ಅವರ ದಿನಚರಿ ಸಾಗುತ್ತದೆ.

ಇಷ್ಟಲಿಂಗಪೂಜೆಗೆ ಕುಳಿತ ಭಕ್ತನಿಗೂ ಕತ್ತಲಿನ ದಿನಗಳು ಬರುತ್ತವೆ. ಅಂಗೈಯಲ್ಲಿ ಲಿಂಗವಿರುತ್ತದೆ, ಮನಸ್ಸು ಅಂಗಡಿಯ ಲೆಕ್ಕದಲ್ಲಿರುತ್ತದೆ. ನಾಲಿಗೆಯಲ್ಲಿ ಷಡಕ್ಷರಿ ಮಂತ್ರವಿರುತ್ತದೆ, ಹೃದಯ ಒಣಗಿರುತ್ತದೆ. ಭಕ್ತಿಯೇ ಬತ್ತಿತೆಂದು ಪೂಜೆಯನ್ನು ಬಿಟ್ಟವರೂ ಉಂಟು. ಅವರು ಜ್ವಾಲೆಯನ್ನು ನೋಡಲೆಂದು ಬಂದ ಪ್ರವಾಸಿಗರಂತೆ, ಕಾಣಲಿಲ್ಲವೆಂದು ಹಿಂದಿರುಗುತ್ತಾರೆ. ಶರಣನಾದರೋ ಆ ನೆಲದ ನಿವಾಸಿ. ಕಂಡರೂ ಕಾಣದಿದ್ದರೂ ಅವನ ನೇಮ ತಪ್ಪದು. ಒಣಗಿದ ದಿನವೂ ತಪ್ಪದೆ ಕುಳಿತುಕೊಳ್ಳುವುದೇ ಒಳಗಿನ ಬೆಂಕಿ ಮೇಲೇರುವ ಬಗೆ.