ಕೋಲಾರ ಸೀಮೆಯಲ್ಲಿ ಸೈಕಲ್ಲುಗಳೊಡನೆ ಮೂರು ದಿನ

ಪ್ರವಾಸವೆಂದರೆ ದೂರದ ಕಾಶಿ, ಕೇದಾರಗಳಿಗೇ ಹೋಗಬೇಕೆಂದಿಲ್ಲ. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕೋಲಾರ ಸೀಮೆಯನ್ನು ನಮ್ಮಲ್ಲಿ ಅನೇಕರು ತಿರುಪತಿಗೋ ಚೆನ್ನೈಗೋ ಹೋಗುವಾಗ ಬಸ್ಸಿನ ಕಿಟಕಿಯಿಂದ ಮಾತ್ರ ಕಂಡಿರುತ್ತಾರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡಿಗೆ ಹಿರಿಯರು ಕಟ್ಟಿಸಿದ ಕೆರೆಗಳೇ ಜೀವಾಳ. ಬಂಡೆಗಳನ್ನು ಪೇರಿಸಿಟ್ಟಂತಹ ಬೆಟ್ಟಗಳು, ಅವುಗಳ ನಡುವೆ ರಾಗಿಯ ಹೊಲ, ಹಿಪ್ಪುನೇರಳೆ ತೋಟ, ಮಾವಿನ ತೋಪು. ಊರಿಂದ ಊರಿಗೆ ಅಂತರವೂ ಕಡಿಮೆ. ಸೈಕಲ್ಲಿನಲ್ಲಿ ಸುತ್ತುವವರಿಗೆ ಹೇಳಿ ಮಾಡಿಸಿದ ಸೀಮೆಯಿದು.

ಕಳೆದ ಬೇಸಿಗೆಯ ರಜೆಯಲ್ಲಿ ನಾವು ಕುಟುಂಬ ಸಮೇತರಾಗಿ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳನ್ನು ನೋಡಿ ಬರಲು ಹೊರಟೆವು. ಜೊತೆಯಲ್ಲಿ ನಾಲ್ಕು ಸೈಕಲ್ಲುಗಳಿದ್ದವು. ಎರಡು ಮಕ್ಕಳವು, ಒಂದು ನಮ್ಮದು. ನಾಲ್ಕನೆಯದು ಲಿಂಗೈಕ್ಯರಾದ ನಮ್ಮ ತಂದೆಯವರದು. ಅವರು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲಾ ಮಾಸ್ತರರಾಗಿದ್ದಾಗ ದಿನನಿತ್ಯ ತುಳಿದ ಕಪ್ಪು ಬಣ್ಣದ ಭಾರದ ಸೈಕಲ್ಲು ಅದು. ಅದನ್ನೊಮ್ಮೆ ಆ ದಾರಿಯಲ್ಲಿ ಓಡಿಸಬೇಕೆಂಬುದು ನಮ್ಮ ತಾಯಿಯವರ ಬಹುದಿನದ ಆಸೆ.

ಆ ಕಾಲದಲ್ಲಿ ಸೈಕಲ್ಲನ್ನು ದೂರ ಒಯ್ಯಬೇಕಾದರೆ ಬಸ್ಸಿನ ಹಿಂದಿನ ಏಣಿ ಹತ್ತಿ, ತರಕಾರಿ ಬುಟ್ಟಿಗಳ ಪಕ್ಕದಲ್ಲಿ ಮಲಗಿಸಿ ಕಟ್ಟುತ್ತಿದ್ದರು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಓಡುತ್ತಿದ್ದ ಕಿರುಹಳಿಯ ರೈಲನ್ನು ತಾಯಿಯವರು ಇಂದಿಗೂ ನೆನೆಯುತ್ತಾರೆ. ಆ ಮಾರ್ಗವೆಲ್ಲ ಅಗಲ ಹಳಿಗೆ ಬದಲಾಗಿ ಮುಗಿದದ್ದು 2013ರಲ್ಲಿ. ಮುಳಬಾಗಿಲಿಗಾದರೋ ಇಂದಿಗೂ ರೈಲಿಲ್ಲ. ಆದ್ದರಿಂದ ನಾವು ಮನೆಯಂತೆ ಸಜ್ಜುಗೊಳಿಸಿದ ದೊಡ್ಡ ವ್ಯಾನೊಂದನ್ನು ಚಾಲಕರ ಸಮೇತ ಬಾಡಿಗೆಗೆ ಗೊತ್ತುಮಾಡಿದೆವು. ಒಳಗೆ ಮಲಗಲು ಹಾಸಿಗೆ, ಸಣ್ಣದೊಂದು ಒಲೆ, ನೀರಿನ ತೊಟ್ಟಿ ಎಲ್ಲವೂ ಇದ್ದವು. ಇಂತಹ ವಾಹನವನ್ನು ಕ್ಯಾರವಾನ್ ಎನ್ನುತ್ತಾರೆ. ಅದರ ಹಿಂಭಾಗಕ್ಕೆ ಸೈಕಲ್ಲುಗಳಿಗೆಂದೇ ಕಬ್ಬಿಣದ ಚೌಕಟ್ಟೊಂದನ್ನು ಜೋಡಿಸಲಾಗಿತ್ತು.

ಹೊರಡುವ ಮುಂಜಾನೆಯ ಗಡಿಬಿಡಿಯಲ್ಲಿ ಚಾಲಕರ ಸಹಾಯವನ್ನೂ ಕೇಳದೆ ಸೈಕಲ್ಲುಗಳನ್ನು ನಾವೇ ಕಟ್ಟಿದೆವು. ಮಕ್ಕಳ ಸೈಕಲ್ಲುಗಳನ್ನು ಮೊದಲು ಏರಿಸಿ, ತಂದೆಯವರ ಸೈಕಲ್ಲನ್ನು ಎಲ್ಲಕ್ಕಿಂತ ಹೊರಗೆ ನಿಲ್ಲಿಸಿ, ಮನೆಯಲ್ಲಿದ್ದ ಹಳೆಯ ನೈಲಾನ್ ಹಗ್ಗದಿಂದ ನಡುವಿನ ಅಡ್ಡಕಂಬಿಗೆ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದೆವು. ನೋಡಲು ಗಟ್ಟಿಯಾಗಿಯೇ ಕಾಣುತ್ತಿತ್ತು.

ಮೊದಲ ದಿನ ಹೊಸಕೋಟೆಯ ಮೇಲೆ ಮಾಲೂರಿಗೆ ಬಂದೆವು. ಹೆಂಚು, ಇಟ್ಟಿಗೆಗಳಿಗೆ ಹೆಸರಾದ ಊರಿದು. ನಮ್ಮ ಹಿರಿಯರ ಎಷ್ಟೋ ಮನೆಗಳ ಮಾಡಿನ ಮೇಲೆ ಇಲ್ಲಿಯ ಮಣ್ಣೇ ಕುಳಿತಿದೆ. ಸಾಹಿತ್ಯಾಭಿಮಾನಿಗಳಿಗೆ ಪ್ರಿಯವಾದ ಮಾಸ್ತಿ ಗ್ರಾಮವೂ ಈ ತಾಲ್ಲೂಕಿನದೇ. ಮಕ್ಕಳು ಸೈಕಲ್ಲುಗಳನ್ನಿಳಿಸಿಕೊಂಡು ನೀಲಗಿರಿ ತೋಪುಗಳ ನಡುವಣ ಕಿರುದಾರಿಗಳಲ್ಲಿ ಮನದಣಿಯೆ ಸುತ್ತಿದರು. ಸಂಜೆ ಟೇಕಲ್, ಬಂಗಾರಪೇಟೆಗಳ ಮೂಲಕ ಕೋಲಾರ ಸೇರಿ ಕೋಲಾರಮ್ಮನ ದರ್ಶನ ಪಡೆದೆವು. ವಿಜಯನಗರ ಕಾಲದ ಸೋಮೇಶ್ವರ ದೇವಾಲಯದ ಕಲ್ಯಾಣಮಂಟಪದ ಕಂಬಗಳ ಕೆತ್ತನೆಯನ್ನು ನೋಡುತ್ತಾ ಕುಳಿತವರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಶತಶೃಂಗ ಬೆಟ್ಟದ ಅಂತರಗಂಗೆಗೆ ಹೋದೆವು. ಕಲ್ಲಿನ ಬಸವನ ಬಾಯಿಂದ ನೀರು ಸುರಿಯುವ ಆ ತಾಣದಲ್ಲಿ ಬೇಸಿಗೆಯ ಬಿಸಿಲು ಮರೆತುಹೋಗುತ್ತದೆ. ಬೆಟ್ಟದ ತಪ್ಪಲಿನಲ್ಲಿ ಸೈಕಲ್ಲುಗಳನ್ನು ಮತ್ತೆ ಅದೇ ಹಗ್ಗದಿಂದ ಕಟ್ಟಿ ಮುಳಬಾಗಿಲಿನ ಹೆದ್ದಾರಿ ಹಿಡಿದೆವು.

ಅರ್ಧ ದಾರಿಯಲ್ಲಿ ಹಿಂದಿನಿಂದ ಮೋಟಾರ್ ಸೈಕಲ್ಲೊಂದು ಒಂದೇ ಸಮನೆ ಹಾರನ್ ಹೊಡೆಯತೊಡಗಿತು. ಮುಂದೆ ಹೋಗುವ ಆತುರವಿರಬೇಕೆಂದು ನಮ್ಮ ಚಾಲಕರು ದಾರಿ ಬಿಟ್ಟರು. ಆತ ಮುಂದೆ ಹೋಗಲಿಲ್ಲ. ದೀಪ ಹಚ್ಚಿಕೊಂಡು, ಸ್ವಲ್ಪ ದೂರ ಉಳಿಸಿಕೊಂಡು ಹಿಂದೆಯೇ ಬಂದ. ಕೊನೆಗೆ ಪಕ್ಕಕ್ಕೆ ಬಂದು ಕೂಗಿದ: "ಸ್ವಾಮೀ, ನಿಮ್ಮ ಸೈಕಲ್ ಬೀಳ್ತಾ ಐತೆ!"

ವಾಹನ ನಿಲ್ಲಿಸಿ ಇಳಿದು ನೋಡಿದಾಗ ನಮ್ಮ ಎದೆ ಝಲ್ಲೆಂದಿತು. ನೈಲಾನ್ ಹಗ್ಗ ಜಗ್ಗಿ ಸಡಿಲಗೊಂಡು, ತಂದೆಯವರ ಸೈಕಲ್ಲು ಒಂದೇ ಸುತ್ತಿನ ಆಸರೆಯಲ್ಲಿ ಓರೆಯಾಗಿ ನೇತಾಡುತ್ತಿತ್ತು. ಅದರ ಮುಂದಿನ ಚಕ್ರಕ್ಕೂ ನೆಲಕ್ಕೂ ಒಂದು ಗೇಣಿನ ಅಂತರ. ಆತನ ಹಿಂದೆ ಹೆಂಡತಿ ಕುಳಿತಿದ್ದಳು, ಆಕೆಯ ಮಡಿಲಲ್ಲಿ ಕೂಸು. ನಮ್ಮ ಹಿಂದೆ ಬರುವ ಲಾರಿ, ಕಾರುಗಳು ನಿಧಾನಿಸಲೆಂದು ಆತ ತನ್ನ ಸಂಸಾರವನ್ನೇ ಅಡ್ಡವಿಟ್ಟುಕೊಂಡು ಬಂದಿದ್ದ. ನಾವು ಕೈಮುಗಿದು ಹೆಸರು ಕೇಳುವಷ್ಟರಲ್ಲಿ, "ಸರಿಯಾಗಿ ಕಟ್ಕೊಳಿ ಸ್ವಾಮಿ" ಎಂದು ಹೊರಟೇಹೋದ.

ತಂದೆಯವರ ಸೈಕಲ್ಲಿಗೆ ಏನೂ ಆಗಲಿಲ್ಲವಲ್ಲ ಎಂದು ನಾವು ನಿಟ್ಟುಸಿರು ಬಿಟ್ಟೆವು. ತಾಯಿಯವರು ವ್ಯಾನಿನ ಮೆಟ್ಟಿಲ ಮೇಲೆ ಕುಳಿತು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು: "ಸೈಕಲ್ಲು ಹೋದರೆ ಹೋಗಲಿ ಕಣಪ್ಪ. ಆ ಕೂಸು?" ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಚಾಲಕರ ನೆರವಿನಿಂದ ಆ ಸೈಕಲ್ಲನ್ನು ಬಿಚ್ಚಿ ವ್ಯಾನಿನೊಳಗೆ ಮಲಗಿಸಿ, ಆಸನದ ಕಾಲುಗಳಿಗೆ ಬಿಗಿದು, ನಿಧಾನವಾಗಿ ಮುಳಬಾಗಿಲು ತಲುಪಿದೆವು. ಮೂಡಲ ದಿಕ್ಕಿನ ಬಾಗಿಲೆಂಬ ಅರ್ಥದಿಂದ ಈ ಹೆಸರು ಬಂದಿತೆನ್ನುತ್ತಾರೆ. ಡಿ.ವಿ. ಗುಂಡಪ್ಪನವರು 1887ರಲ್ಲಿ ಜನಿಸಿದ ಊರಿದು. ಇಲ್ಲಿಂದ ಸುಮಾರು ಹತ್ತು ಕಿ.ಮೀ. ದೂರದ ಕುರುಡುಮಲೆಗೆ ಮಕ್ಕಳೊಡನೆ ಸೈಕಲ್ಲಿನಲ್ಲಿಯೇ ಹೋಗಿ, ಹದಿಮೂರು ಅಡಿಗೂ ಎತ್ತರದ ಏಕಶಿಲಾ ಗಣಪತಿಯ ಮುಂದೆ ನಿಂತೆವು. ಆದರೆ ಮನಸ್ಸು ಹೆದ್ದಾರಿಯಲ್ಲಿಯೇ ಇತ್ತು.

ಮೂರನೆಯ ದಿನ ಶ್ರೀನಿವಾಸಪುರ. ಮಾವಿನ ಕಾಲದಲ್ಲಿ ಆ ಊರಿಗೆ ಹೋದವರು ಮೊದಲು ವಾಸನೆಯಿಂದಲೇ ಊರನ್ನು ಗುರುತಿಸುತ್ತಾರೆ. ಮಂಡಿಗಳ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ದೂರದ ರಾಜ್ಯಗಳಿಗೆ ಹೋಗುವ ಹೊರೆಯನ್ನು ಹಮಾಲಿಗಳು ಬಿಗಿಯುತ್ತಿದ್ದರು. ಅವರಲ್ಲಿ ವಯಸ್ಸಾದ ಒಬ್ಬರನ್ನು ನಾವು ವಿನಯದಿಂದ ಕೇಳಿದೆವು: ಕಟ್ಟುವುದನ್ನು ನಮಗಿಷ್ಟು ಕಲಿಸುವಿರಾ?

ಅವರು ನಮ್ಮ ವ್ಯಾನಿನ ಬಳಿ ಬಂದು, ನಾಲ್ಕೂ ಸೈಕಲ್ಲುಗಳನ್ನು ಇಳಿಸಿ, ನೈಲಾನ್ ಹಗ್ಗವನ್ನು ಪಕ್ಕಕ್ಕೆಸೆದರು. ಭಾರದ ಸೈಕಲ್ಲನ್ನು ವಾಹನಕ್ಕೆ ಆತುಕೊಂಡಂತೆ ಒಳಗೆ ನಿಲ್ಲಿಸಿ, ಹಗುರವಾದವನ್ನು ಹೊರಗೆ ನಿಲ್ಲಿಸಿದರು. ಒಂದರ ಹ್ಯಾಂಡಲ್ ಎಡಕ್ಕಾದರೆ ಮುಂದಿನದರದು ಬಲಕ್ಕೆ. ಕಂಬಿಗೆ ಕಂಬಿ ತಾಗುವಲ್ಲಿ ಗೋಣಿಯ ತುಂಡುಗಳನ್ನಿಟ್ಟರು. ಅಗಲವಾದ ಪಟ್ಟಿಗಳಿಂದ ನಡುವಿನ ಕಂಬಿಯನ್ನು ಬಿಗಿದು, ಮುಂದಿನ ಹಿಂದಿನ ಚಕ್ರಗಳನ್ನೂ ಬೇರೆ ಬೇರೆಯಾಗಿ ಚೌಕಟ್ಟಿಗೆ ಕಟ್ಟಿದರು. ಕೊನೆಗೆ ಸೈಕಲ್ಲನ್ನು ಎರಡು ಕೈಯಿಂದ ಹಿಡಿದು ಜೋರಾಗಿ ಅಲ್ಲಾಡಿಸಿ ಹೇಳಿದರು: "ಹೊರೆ ಅಲ್ಲಾಡಿಸಿದ್ರೆ ಗಾಡೀನೂ ಜೊತೆಗೆ ಅಲ್ಲಾಡ್ಬೇಕು ಸ್ವಾಮಿ. ಹೊರೆ ಒಂದೇ ಅಲ್ಲಾಡಿದ್ರೆ ಅದು ಕಟ್ಟಿದ್ದಲ್ಲ, ನೇತಾಕಿದ್ದು. ಹತ್ತು ಮೈಲಿ ಹೋದ್ಮೇಲೆ ಇಳಿದು ಇನ್ನೊಂದು ಕಿತ ನೋಡಿ."

ನಮ್ಮ ತಪ್ಪುಗಳೆಲ್ಲ ಆಗ ಕಣ್ಣಿಗೆ ಕಟ್ಟಿದವು. ಸೈಕಲ್ಲುಗಳೊಡನೆ ಪ್ರವಾಸ ಹೊರಡುವ ಬಂಧುಗಳ ಉಪಯೋಗಕ್ಕಾಗಿ ಅವುಗಳನ್ನೂ, ಆಮೇಲೆ ತಿಳಿದವರಿಂದ ಕೇಳಿಕೊಂಡವುಗಳನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು ಭಾರ. ಹಳೆಯ ಕಾಲದ ಸೈಕಲ್ಲೊಂದು ಸುಮಾರು 20 ಕಿಲೋ ತೂಗುತ್ತದೆ, ಗೇರಿನದು ಸುಮಾರು 15 ಕಿಲೋ. ನಾಲ್ಕು ಸೇರಿದರೆ ಒಬ್ಬ ಮನುಷ್ಯನನ್ನು ವಾಹನದ ಹಿಂದೆ ನೇತುಹಾಕಿದಂತೆ. ಭಾರವು ಹಿಂದಿನ ಗಾಲಿಯಿಂದ ದೂರ ಹೋದಷ್ಟೂ ಪ್ರತಿ ಕುಲುಕಿಗೆ ಚೌಕಟ್ಟಿನ ಮೇಲೆ ಬೀಳುವ ಎಳೆತ ಹೆಚ್ಚುತ್ತದೆ. ಭಾರದ್ದು ಒಳಗಿರಬೇಕೆಂಬುದು ಅದಕ್ಕಾಗಿಯೇ. ವಾಹನ ಹತ್ತಲು ಇಟ್ಟಿರುವ ಏಣಿಗೆ ಸೈಕಲ್ಲು ಕಟ್ಟುವುದಂತೂ ಸಲ್ಲದು.

ಎರಡನೆಯದು ಹಗ್ಗ. ನೈಲಾನ್ ಹಗ್ಗ ಭಾರಕ್ಕೆ ಜಗ್ಗುತ್ತದೆ, ನುಣುಪಾದ್ದರಿಂದ ಗಂಟು ಜಾರುತ್ತದೆ. ಬಕಲ್ ಇರುವ ಅಗಲ ಪಟ್ಟಿಗಳೇ ಲೇಸು. ಪಟ್ಟಿಯ ತುದಿ ಗಾಳಿಗೆ ಹಾರಿ ಗಾಲಿಗೆ ಸಿಕ್ಕದಂತೆ ಸುತ್ತಿಡಬೇಕು. ಪಂಪು, ನೀರಿನ ಬಾಟಲಿ, ಬುಟ್ಟಿ ಮುಂತಾದ ಬಿಡಿ ವಸ್ತುಗಳನ್ನು ಮೊದಲೇ ಬಿಚ್ಚಿಡಬೇಕು. ಟೈರು ಹೊಗೆಕೊಳವೆಯ ಎದುರಿಗೆ ಬಂದರೆ ಬಿಸಿಗೆ ಕೆಡುತ್ತದೆ.

ಮೂರನೆಯದು ಕಾಣಬೇಕಾದವು ಕಾಣುವುದು. ಹಿಂದಿನ ದೀಪ, ತಿರುವಿನ ದೀಪ, ನಂಬರ್ ಫಲಕಗಳನ್ನು ಸೈಕಲ್ಲು ಮರೆಮಾಡಬಾರದು. ಅನುಮತಿಸಿದ ಮಿತಿ ಮೀರಿ ಹೊರೆ ಹೊರಚಾಚಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡವುಂಟು. ಚೌಕಟ್ಟು ಹಾಕಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಜಾಣತನ. ಅಪಾಯಕಾಲದಲ್ಲಿ ಇಳಿಯುವ ಬಾಗಿಲು ಹಿಂದಿದ್ದರೆ ಅದಕ್ಕೆ ಅಡ್ಡವಾಗಿ ಏನನ್ನೂ ಕಟ್ಟಲೇಬಾರದು.

ಸೈಕಲ್ಲುಗಳನ್ನು ಮಾಡಿನ ಮೇಲೆ ನಿಲ್ಲಿಸಿ ಒಯ್ಯುವವರು ವಾಹನದ ಎತ್ತರವನ್ನು ಅಳೆದು ಚೀಟಿಯಲ್ಲಿ ಬರೆದು ಚಾಲಕರ ಕಣ್ಣೆದುರಿಗೆ ಅಂಟಿಸಬೇಕು. ಸೈಕಲ್ಲು ನಿಂತರೆ ಎತ್ತರ ಮೂರಡಿಗೂ ಮೀರಿ ಹೆಚ್ಚುತ್ತದೆ. ರೈಲ್ವೆ ಕೆಳಸೇತುವೆ, ಪೆಟ್ರೋಲ್ ಬಂಕಿನ ಚಾವಣಿ, ರಸ್ತೆಗೆ ಬಾಗಿದ ಹುಣಿಸೆ ಕೊಂಬೆ, ಇವೆಲ್ಲ ಮರೆತವರಿಗಾಗಿ ಕಾದಿರುತ್ತವೆ. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆಂಬುದನ್ನೂ ನೆನಪಿಡಬೇಕು. ವಾಹನದೊಳಗೆ ಇಡುವುದಾದರೂ ಬಿಗಿಯಲೇಬೇಕು. ಬ್ರೇಕ್ ಹಾಕಿದಾಗ ಬಿಡಿಯಾದ ಸೈಕಲ್ಲು ಕುಳಿತವರ ಬೆನ್ನಿಗೆ ಬಂದೆರಗುತ್ತದೆ.

ಅಂದು ಮಧ್ಯಾಹ್ನ ತಂದೆಯವರು ಪಾಠ ಹೇಳಿದ ಹಳ್ಳಿಗೆ ಹೋದೆವು. ಮೊಮ್ಮಗ ಅಜ್ಜನ ಸೈಕಲ್ಲನ್ನು ಮಾವಿನ ತೋಪಿನ ನಡುವಣ ದಾರಿಯಲ್ಲಿ, ಕಾಲು ಪೂರ್ತಿ ಎಟುಕದಿದ್ದರೂ, ಶಾಲೆಯವರೆಗೆ ಓಡಿಸಿಕೊಂಡು ಹೋದ. ಶಾಲೆಯ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದ ತಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಹೊತ್ತನ್ನು ನಮಗೆ ಉಳಿಸಿಕೊಟ್ಟವನು ಹೆಸರು ಹೇಳದೆ ಹೋದ ಆ ದಾರಿಹೋಕ.

ಹಿಂದಿರುಗುವಾಗ ಹಮಾಲಿಯವರ ಮಾತಿನಂತೆ ಹತ್ತು ಮೈಲಿಗೆ ಇಳಿದು ನೋಡಿದೆವು. ಒಂದು ಪಟ್ಟಿ ಬೆರಳಿನಷ್ಟು ಸಡಿಲವಾಗಿತ್ತು, ಬಿಗಿದೆವು. ಆಮೇಲೆ ನಿಂತಲ್ಲೆಲ್ಲ ಮಕ್ಕಳೇ ನಮಗಿಂತ ಮೊದಲು ಇಳಿದು ಅಲ್ಲಾಡಿಸಿ ನೋಡುತ್ತಿದ್ದರು.

ಪ್ರಯಾಣದಲ್ಲಿ ನಮ್ಮ ಕಣ್ಣು ಮುಂದಿನ ದಾರಿಯ ಮೇಲಿರುತ್ತದೆ. ನಾವು ಹಾಕಿದ ಗಂಟನ್ನು ನೋಡುತ್ತಾ ಬರುವವರು ನಮ್ಮ ಹಿಂದಿನವರು. ಅವರು ನಮ್ಮನ್ನು ನಂಬಿ ಬರುತ್ತಿದ್ದಾರೆಂಬುದನ್ನು ನೆನೆದು, ಹೊರಡುವ ಮುನ್ನ ಐದು ನಿಮಿಷ ಹೆಚ್ಚು ವೆಚ್ಚ ಮಾಡಬೇಕೆಂದು ಓದುಗ ಬಂಧುಗಳಲ್ಲಿ ನಮ್ಮ ವಿನಂತಿ.