ಅಕ್ಷರಗುಂಡಿನ ಮುಂದೆ ಅಮ್ಮ

ಬೆಳತೂರಿನ ಶಾಸನದ ಕಲ್ಲಿನ ಮುಂದೆ ಅಮ್ಮ ಚಪ್ಪಲಿ ಬಿಟ್ಟು ನಿಂತಳು. ಕೈ ಮಾತ್ರ ಮುಗಿಯಲಿಲ್ಲ. ದಾರಿಯಲ್ಲಿ ಕಂಡ ಅರಳಿಕಟ್ಟೆಗೂ ಹುತ್ತಕ್ಕೂ ಕೈ ಮುಗಿಯುವವಳು ಅವಳು. 78 ವರ್ಷದ ಆ ಜೀವ ಇಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸುಮ್ಮನೆ ನಿಂತಿತ್ತು. "ಏನು ಬರೆದಿದ್ದಾರೆ, ಹೇಳು" ಅಂದಳು. ಹಳೆಯ ಲಿಪಿ ಓದಲು ನನಗೆ ಬರುವುದಿಲ್ಲ. ಮನೆಯಲ್ಲಿ ಪುಸ್ತಕ ನೋಡಿಕೊಂಡು ಬಂದಿದ್ದನ್ನೇ ಹೇಳಿದೆ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯ ಈ ಕಲ್ಲು 1057ನೇ ಇಸವಿಯದು, ಚೋಳರು ಇಲ್ಲಿ ಆಳುತ್ತಿದ್ದ ಕಾಲದ್ದು. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಅವಳನ್ನು ನವಿಲೆನಾಡಿನ ಏಚನಿಗೆ ಕೊಟ್ಟಿದ್ದರು. ಮಲ್ಲಯುದ್ಧದಲ್ಲಿ ಏಚನ ಕೈಯಲ್ಲಿ ಅರಸನ ನೆಂಟನೊಬ್ಬ ಸತ್ತ. ಅರಸ ಏಚನನ್ನು ತಲಕಾಡಿಗೆ ಒಯ್ಯಿಸಿ ಕೊಲ್ಲಿಸಿದ. ಸುದ್ದಿ ಮುಟ್ಟಿದ ಮೇಲೆ ದೇಕಬ್ಬೆ ಕೊಂಡ ಹೊಗಲು ಹೊರಟಳು. ಹೆತ್ತವರು, ಬಂಧುಗಳು ತಡೆದರು, ಬೇಡಿಕೊಂಡರು. ಅವಳು ಕೇಳಲಿಲ್ಲ. ಬೆಂಕಿ ಹೊಕ್ಕಳು. ಅದನ್ನು ಕೊಂಡಾಡಿ ಈ ಕಲ್ಲು ನೆಟ್ಟರು.

ನಾನು ನಿರೀಕ್ಷಿಸಿದ್ದು ಅಮ್ಮ "ಪಾಪ" ಅನ್ನುತ್ತಾಳೆ ಎಂದು. ಅವಳು ಅಂದದ್ದು ಬೇರೆ. "ಅಂದರೆ ಬೇಡ ಅಂದವರು ಆಗಲೂ ಇದ್ದರು. ಅದನ್ನೂ ಬಿಡದೆ ಬರೆಸಿದ್ದಾರೆ, ನೋಡು."

ನಾನು ಆ ಶಾಸನದ ವಿಷಯ ಎಷ್ಟು ಸಲ ಓದಿದ್ದೆನೋ. ಹಳಗನ್ನಡದ ಸೊಗಸಾದ ಪದ್ಯ ಅಂತ ಓದಿದ್ದೆ, ಸಹಗಮನದ ಚರಿತ್ರೆಗೆ ಆಧಾರ ಅಂತ ಓದಿದ್ದೆ. ಆ ತಾಯಿತಂದೆಯರ ಮೇಲೆ ಕಣ್ಣು ನಿಂತಿರಲಿಲ್ಲ. ಮಗಳನ್ನು ಹೊಗಳಲು ನೆಟ್ಟ ಕಲ್ಲಿನೊಳಗೇ ಮಗಳು ಸಾಯಬಾರದು ಎಂದು ಅತ್ತವರೂ ಕೂತಿದ್ದಾರೆ, ಸುಮಾರು ಸಾವಿರ ವರ್ಷದಿಂದ.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮ ಮಾತು ತೆಗೆದಳು. ಅವಳ ಸೋದರತ್ತೆಯೊಬ್ಬರು ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡವರು. ಮನೆಯ ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಅವರ ಮುಡಿ ತೆಗೆಸಿದಾಗ ಅಮ್ಮನಿಗೆ ಎಂಟು ವರ್ಷ. ಅಲ್ಲಿಂದ ಮುಂದೆ ಕೆಂಪು ಸೀರೆ, ಒಪ್ಪೊತ್ತು ಊಟ. "ತಪ್ಪು ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ ಕಣೆ. ಹಿಂದಿನಿಂದ ಬಂದಿದ್ದು ಅಂದುಬಿಟ್ಟರು. ಆದರೆ ಆವತ್ತು ಮನೆಯಲ್ಲಿ ಒಬ್ಬರೂ ಊಟ ಮಾಡಲಿಲ್ಲ. ಮಾಡಿದ ಅನ್ನ ಹಾಗೇ ಇತ್ತು. ಸಾಯಂಕಾಲ ಅಜ್ಜಿ ಅದನ್ನ ಹಸುವಿಗೆ ಹಾಕಿದಳು."

ಆ ಅನ್ನದ ಪಾತ್ರೆ ನನ್ನ ಮನಸ್ಸಿನಿಂದ ಹೋಗಲಿಲ್ಲ. ಧರ್ಮ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಅನ್ನುತ್ತಾರೆ. ಬದಲಾಗುವುದೇ ಇಲ್ಲ ಅನ್ನುವವರೂ ಇದ್ದಾರೆ. ಬದಲಾಗುವುದೇ ನಿಜವಾದರೆ, ಆ ದಿನ ಆ ಮನೆಯವರ ಪಾಲಿಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಹಾಗಿದ್ದರೆ ಊಟ ಯಾಕೆ ಇಳಿಯಲಿಲ್ಲ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಬೇಕು ಎಂದು ಗಟ್ಟಿಯಾಗಿ ಅನ್ನಿಸಿದ್ದು ಆಗ. ಅಲ್ಲಿ ಅಶೋಕನ ಶಾಸನವಿರುವ ಬಂಡೆಯೊಂದು ಇದೇ ವಿಷಯ ಮಾತಾಡುತ್ತದೆ ಎಂದು ಓದಿ ಗೊತ್ತಿತ್ತು. ಕಣ್ಣಾರೆ ನೋಡಿರಲಿಲ್ಲ. ಅಮ್ಮನೂ ಬರುತ್ತೇನೆ ಅಂದಳು.

ಚಿತ್ರದುರ್ಗದಿಂದ ಬಳ್ಳಾರಿ ರಸ್ತೆ ಹಿಡಿದರೆ ಊರು ಕಳೆದಂತೆ ಹಸಿರು ತೆಳ್ಳಗಾಗುತ್ತದೆ. ಮೊಳಕಾಲ್ಮೂರು ಸೀಮೆ. ಕೆಂಪು ನೆಲ, ಶೇಂಗಾ ಹೊಲ, ಯಾರೋ ಎತ್ತಿ ಒಂದರ ಮೇಲೊಂದು ಇಟ್ಟ ಹಾಗೆ ಕಾಣುವ ಗುಂಡುಗಳ ಬೆಟ್ಟಗಳು. ಅಶೋಕ ಸಿದ್ದಾಪುರ ಅನ್ನುವ ಹೆಸರು ನಾಮಫಲಕದಲ್ಲಿ ಕಂಡಾಗಲೇ ಮೈ ಜುಮ್ಮೆಂದಿತು. ಪಾಟಲಿಪುತ್ರದ ದೊರೆಯ ಹೆಸರು ನಮ್ಮ ಬಯಲುಸೀಮೆಯ ಹಳ್ಳಿಯೊಂದರ ಬೋರ್ಡಿನ ಮೇಲೆ!

ಬಂಡೆ ಬೆಟ್ಟದ ಬುಡದಲ್ಲೇ ಇದೆ, ಹತ್ತುವ ಕಷ್ಟವಿಲ್ಲ. ಊರಿನವರು ಇದನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಯಾವ ಅಕ್ಷರ, ಯಾರ ಅಕ್ಷರ ಎಂದು ತಿಳಿಯದ ನೂರಾರು ವರ್ಷಗಳಲ್ಲೂ ಅದು ಅಕ್ಷರ ಅನ್ನುವುದಂತೂ ಜನಕ್ಕೆ ಮರೆತಿರಲಿಲ್ಲ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಬಂದು ಇಲ್ಲಿ, ಪಕ್ಕದ ಸಿದ್ದಾಪುರದಲ್ಲಿ ಮತ್ತು ಜಟಿಂಗರಾಮೇಶ್ವರ ಬೆಟ್ಟದ ಮೇಲೆ, ಮೂರು ಕಡೆ ಅಶೋಕನ ಶಾಸನ ಗುರುತಿಸಿದರು. ಬರಹ ಬ್ರಾಹ್ಮಿ ಲಿಪಿ, ಭಾಷೆ ಪ್ರಾಕೃತ. ಬಗ್ಗಿ ನೋಡಿದೆ. ಅಕ್ಷರಗಳು ನಾನು ಅಂದುಕೊಂಡಿದ್ದಕ್ಕಿಂತ ಸರಳ: ಒಂದು ಗೀಟು, ಒಂದು ಕೂಡುಗೆರೆ, ಒಂದು ಸೊನ್ನೆ. ಮಗು ಸ್ಲೇಟಿನ ಮೇಲೆ ತಿದ್ದಿದ ಹಾಗೆ. ಈ ಗೀಟುಗಳೇ ಬಾಗಿ ಬಳುಕಿ, ಸಾವಿರಾರು ವರ್ಷ ಉರುಳಿ, ನಾನು ಈಗ ಬರೆಯುತ್ತಿರುವ ಕನ್ನಡ ಅಕ್ಷರಗಳಾದವು.

ಬರಹ ಕಾಗದದ ಹಾಗೆ ಶುರುವಾಗುತ್ತದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ, ಅಂದರೆ ರಾಜಕುಮಾರನೂ, ಅಲ್ಲಿನ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳೂ ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಇಸಿಲ ಅಂದರೆ ಈ ಜಾಗವೇ. ಅದು ಕನ್ನಡದ್ದೇ ಪದ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ವಿಷಯಕ್ಕೆ ಬರುವ ಮೊದಲು ಆರೋಗ್ಯ ವಿಚಾರಿಸುತ್ತಾರೆ. ಇದನ್ನು ಹೇಳಿದಾಗ ಅಮ್ಮನ ಮುಖ ಅರಳಿತು. "ನಾವು ಉಭಯ ಕುಶಲೋಪರಿ ಅಂತ ಬರೀತಿದ್ವಲ್ಲ, ಹಾಗೇ" ಅಂದಳು. ಹೌದು, ಹಾಗೇ. 2,200 ವರ್ಷಕ್ಕೂ ಹಿಂದಿನ ಸರಕಾರಿ ಆಜ್ಞೆ, ಮೊದಲ ಮಾತು "ಹೇಗಿದ್ದೀರಿ".

ಆಮೇಲೆ ದೊರೆ ತನ್ನ ವಿಷಯ ಹೇಳುತ್ತಾನೆ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಶ್ರಮಪಟ್ಟೆ ಎನ್ನುತ್ತಾನೆ. ಇದು ದೊಡ್ಡವರಿಗಷ್ಟೇ ದಕ್ಕುವುದಲ್ಲ, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ಪಡೆಯಬಹುದು ಎನ್ನುತ್ತಾನೆ. ಚಕ್ರವರ್ತಿಯೊಬ್ಬ ತನ್ನ ಒಂದು ವರ್ಷದ ಸೋಮಾರಿತನವನ್ನು ಬಂಡೆಯ ಮೇಲೆ ಕೊರೆಸಿ ದೇಶದುದ್ದಕ್ಕೂ ಹಂಚಿದ್ದಾನೆ. ಇಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊನೆಯಲ್ಲಿದೆ ನಾನು ಹುಡುಕಿಕೊಂಡು ಬಂದ ಮಾತು. ತಾಯಿತಂದೆಯರ ಶುಶ್ರೂಷೆ ಮಾಡಬೇಕು. ಪ್ರಾಣಿಗಳ ಮೇಲೆ ದಯೆ ಇರಬೇಕು. ಸತ್ಯ ನುಡಿಯಬೇಕು. ಶಿಷ್ಯ ಆಚಾರ್ಯನನ್ನು ಗೌರವಿಸಬೇಕು. ನೆಂಟರಿಷ್ಟರೊಡನೆ ತಕ್ಕ ಹಾಗೆ ನಡೆದುಕೊಳ್ಳಬೇಕು. ಇಷ್ಟು ಹೇಳಿ, ಇದು ಹಳೆಯ ಪ್ರಕೃತಿ, ಇದರಿಂದ ಆಯುಷ್ಯ ಹೆಚ್ಚುತ್ತದೆ ಎಂದು ಮುಗಿಸುತ್ತಾನೆ. ಬಂಡೆಯ ಮೇಲಿನ ಪದ "ಪೋರಾಣಾ ಪಕಿತೀ". ನಮ್ಮ ಪುರಾಣ, ನಮ್ಮ ಪ್ರಕೃತಿ! ಬಾಯಿಬಿಟ್ಟು ಹೇಳಿದರೆ ಕನ್ನಡದ ಕಿವಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ನಮಗೆ ಇಷ್ಟು ಪ್ರಾಚೀನನಾದ ಅಶೋಕ ತನಗಿಂತ ಹಿಂದಿನದಕ್ಕೆ ಬೆರಳು ತೋರಿಸುತ್ತಿದ್ದಾನೆ. ಇದನ್ನು ನಾನು ಹುಟ್ಟಿಸಿದ್ದಲ್ಲ, ಮೊದಲಿಂದ ಇದ್ದದ್ದು ಎನ್ನುತ್ತಿದ್ದಾನೆ.

ಪಕ್ಕದ ಹೊಲದಿಂದ ಒಬ್ಬ ತಾತ ಬಂದು ನಮ್ಮ ಹತ್ತಿರ ನಿಂತಿದ್ದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಮಣ್ಣು ಹತ್ತಿದ ಶೇಂಗಾ ಗಿಡ. "ಏನು ಬರ್ದೈತಮ್ಮಾ ಅದ್ರಾಗೆ?" ಎಂದು ಕೇಳಿದರು. ಅಮ್ಮನೇ ಉತ್ತರ ಕೊಟ್ಟಳು: "ಅಪ್ಪ ಅಮ್ಮನ್ನ ನೋಡಿಕೋ, ಸುಳ್ಳು ಹೇಳಬೇಡ, ಮೂಗುಪ್ರಾಣಿಗೆ ದಯೆ ಇರಲಿ, ಮೇಷ್ಟ್ರಿಗೆ ಮರ್ಯಾದೆ ಕೊಡು ಅಂತ ಬರೆದಿದ್ದಾರೆ ಯಜಮಾನ್ರೇ." ತಾತ ಸ್ವಲ್ಪ ಹೊತ್ತು ಬಂಡೆ ನೋಡಿದರು. "ಅದು ಗೊತ್ತಿದ್ದುದ್ದೇ ಅಲ್ಲವ್ರಾ" ಅಂದರು. ಅಂದು, ಶೇಂಗಾ ಬಿಡಿಸಿ ಅಮ್ಮನ ಬೊಗಸೆಗೆ ಹಾಕಿದರು. ಹಾಲುಗಾಳು, ಇನ್ನೂ ಒದ್ದೆ.

ಬರೆದವನ ಸಹಿಯೂ ಇದೆ: ಚಪಡ ಅನ್ನುವ ಲಿಪಿಕಾರ. "ಲಿಪಿಕಾರನಿಂದ" ಅನ್ನುವ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಹೋಗುವ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಅದು ಗಾಂಧಾರದ ಕಡೆಯ ಬರಹ. ಅಲ್ಲಿಂದ ಇಲ್ಲಿಯ ತನಕ ಬಂದಿರಬಹುದಾದ ಒಬ್ಬ ಮನುಷ್ಯ, ಈ ಬಿಸಿಲಿನಲ್ಲಿ, ಈ ಬಂಡೆಗೆ ಎದೆಕೊಟ್ಟು ನಿಂತು ಅಪ್ಪ ಅಮ್ಮನ ಮಾತು ಬರೆದ. ಅವನ ಹೆತ್ತವರು ಎಲ್ಲಿದ್ದರೋ.

ಇಲ್ಲಿಗೇ ಸಮಾಧಾನಪಟ್ಟು ಹಿಂದಿರುಗಬಹುದಿತ್ತು. ಆದರೆ ಬೆಳತೂರಿನಿಂದ ಬರುವಾಗ ಕಾರಿನಲ್ಲಿ ಅಮ್ಮ ಅಂದ ಮಾತು ಚುಚ್ಚುತ್ತಿತ್ತು. "ಹಿಂದಿನಿಂದ ಬಂದಿದ್ದು." ಅಶೋಕನೂ ಅದನ್ನೇ ಹೇಳುತ್ತಾನೆ, ಸೋದರತ್ತೆಯ ಮುಡಿ ತೆಗೆಸಿದವರೂ ಅದನ್ನೇ ಹೇಳಿದರು. ಹಳೆಯದು ಅನ್ನುವುದೊಂದೇ ಸಾಲುವುದಿಲ್ಲ. ಅಶೋಕನ ಕಣ್ಣಿಗೂ ಎಲ್ಲ ಕಂಡಿರಲಿಲ್ಲ. ಬೇರೆ ಶಾಸನಗಳಲ್ಲಿ ದಾಸರನ್ನು, ಆಳುಗಳನ್ನು ಸರಿಯಾಗಿ ನಡೆಸಿಕೊಳ್ಳಿ ಎಂದು ಬೇಡುತ್ತಾನೆ. ದಾಸರು ಯಾಕಿರಬೇಕು ಎಂದು ಕೇಳುವುದಿಲ್ಲ. ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನದ ಗಡುವು ಕೊಡುತ್ತಾನೆ, ದಂಡನೆ ತೆಗೆಯುವುದಿಲ್ಲ. ದಾಸರ ವಿಷಯದಲ್ಲಿ ನಾವೂ ತಡ ಮಾಡಿದವರೇ, ನಮ್ಮ ದೇಶದಲ್ಲಿ ಜೀತ ನಿಲ್ಲಿಸುವ ಕಾನೂನು ಬಂದದ್ದು 1976ರಲ್ಲಿ. ಆಂಧ್ರದ ಎರ್ರಗುಡಿಯ ಬಂಡೆಯ ಮೇಲೂ ಇರುವ ಅವನ ಇನ್ನೊಂದು ಮಾತು ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಮೊದಲು ಅರಮನೆಯ ಅಡುಗೆಮನೆಯಲ್ಲಿ ದಿನಕ್ಕೆ ಲಕ್ಷಾಂತರ ಪ್ರಾಣಿಗಳ ವಧೆಯಾಗುತ್ತಿತ್ತು, ಈಗ ಮೂರೇ: ಎರಡು ನವಿಲು, ಒಂದು ಜಿಂಕೆ. ಆ ಜಿಂಕೆಯೂ ದಿನವೂ ಅಲ್ಲ. ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ. ಲಕ್ಷದಿಂದ ಮೂರಕ್ಕೆ ಇಳಿದು, ಸೊನ್ನೆ ಮುಟ್ಟುವ ಮೊದಲೇ ಬರೆಸಿಬಿಟ್ಟಿದ್ದಾನೆ. ಪ್ರಾಣಿದಯೆ ಅನ್ನುವುದು ಅವನಿಗೂ ಹಳೆಯದೇ. ತನ್ನ ಅಡುಗೆಮನೆಯ ತನಕ ಅದು ನಡೆದುಬರಲು ಹೊತ್ತು ಹಿಡಿಯಿತು.

ನನಗೆ ಕಂಡದ್ದು ಇಷ್ಟು. ದೇಕಬ್ಬೆಯ ಹೆತ್ತವರ ಅಳು, ಯಾರೂ ಉಣ್ಣದ ಆ ಅನ್ನ, ಇವೇ ಹಳೆಯ ಪ್ರಕೃತಿ. ಕಟ್ಟಳೆ ಅದರ ಮೇಲೆ ಕೂತಿತ್ತು. 1829ರಲ್ಲಿ ಬಂಗಾಳದಲ್ಲಿ ಸಹಗಮನ ನಿಷೇಧವಾದಾಗ, ರಾಜಸ್ಥಾನದ ದೇವರಾಲದಲ್ಲಿ ನಡೆದ ಸಹಗಮನದ ಮೇಲೆ 1987ರಲ್ಲಿ ಅದನ್ನು ವೈಭವೀಕರಿಸುವುದೂ ಅಪರಾಧವಾದಾಗ, ಹೊಸ ನೀತಿಯೇನೂ ಆಕಾಶದಿಂದ ಇಳಿಯಲಿಲ್ಲ. ಬೇಡ ಎಂದು ಅತ್ತವರ ಮಾತು ಕೊನೆಗೂ ನಡೆಯಿತು.

ಮಧ್ಯಾಹ್ನದ ಮೇಲೆ ಜಟಿಂಗರಾಮೇಶ್ವರಕ್ಕೆ ಹೋದೆವು. ಸೀತೆಯನ್ನು ಹೊತ್ತೊಯ್ಯುವಾಗ ಜಟಾಯು ಅಡ್ಡ ಬಂದು ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಇಲ್ಲೇ ಅನ್ನುತ್ತದೆ ಸ್ಥಳಪುರಾಣ. ಅಮ್ಮ ಬುಡದಲ್ಲೇ ಮರದ ನೆರಳಿಗೆ ಕೂತಳು, ನಾನು ಮೆಟ್ಟಿಲು ಹತ್ತಿದೆ. ಇಲ್ಲಿಯ ಶಾಸನದ ಬಂಡೆಗೆ ಬಳೆಗಾರಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹಾಕುತ್ತಿದ್ದರಂತೆ. ಅಕ್ಷರ ಬಹಳ ಸವೆದಿದೆ. ಬೆರಳು ತಾಗಿಸದೆ ಕಣ್ಣಲ್ಲೇ ಸವರಿದೆ. ಅಪ್ಪ ಅಮ್ಮನ್ನ ನೋಡಿಕೋ ಅನ್ನುವ ಮಾತಿನ ಮೇಲೆ ಕೂತು ಎಷ್ಟು ಹೆಣ್ಣುಮಕ್ಕಳು ಕೈಗೆ ಬಳೆ ತೊಡಿಸಿಕೊಂಡರೋ!

ಅಲ್ಲಿಂದ ಕಾಣುವ ಬಯಲಿನಲ್ಲೇ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದು. ಅಶೋಕನಿಗಿಂತ ಬಹಳ ಹಿಂದಿನ ಪದರದಲ್ಲಿ, ಕಲ್ಲಿನ ಕೊಡಲಿಯ ಜನರ ನೆಲೆಯಲ್ಲಿ, ಎಳೆಮಕ್ಕಳ ಮೂಳೆ ಇಟ್ಟು ಹೂಳಿದ ಮಡಕೆಗಳು ಸಿಕ್ಕವು. ಬರಹವಿಲ್ಲದ ಕಾಲ. ಆದರೂ ಸತ್ತ ಕೂಸನ್ನು ಬಯಲಿಗೆ ಎಸೆಯದೆ, ಮಡಕೆಯಲ್ಲಿ ಮಲಗಿಸಿ, ತಾವಿರುವ ಜಾಗದಲ್ಲೇ ಇಟ್ಟುಕೊಂಡರು. ಮೇಲೆ ನಿಂತು ಆ ನೆಲ ನೋಡುವಾಗ ನನಗೆ ಮಾತು ಹೊರಡಲಿಲ್ಲ.

ಇಳಿದು ಬಂದಾಗ ಅಮ್ಮ ಸೆರಗಿನಲ್ಲಿ ಉಳಿಸಿಕೊಂಡಿದ್ದ ಶೇಂಗಾ ನನ್ನ ಕೈಗೆ ಸುರಿದಳು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ.

ಬ್ರಹ್ಮಗಿರಿಗೆ ಹೋಗುವವರಿಗೆ ಒಂದು ಮಾತು. ಬಂಡೆಯ ಮೇಲೆ ಸೀಮೆಸುಣ್ಣ ತೀಡಬೇಡಿ, ನೀರು ಹಾಕಿ ಉಜ್ಜಬೇಡಿ. ಸಾಧ್ಯವಾದರೆ ಮನೆಯ ಹಿರಿಯ ಹೆಂಗಸರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.