ಲೇಹ್ ದಾರಿಯ ಸೈಕಲ್ ಸವಾರಿ: ದೂರಕ್ಕಿಂತ ಎತ್ತರದ ಲೆಕ್ಕ

ಜೂನ್ ತಿಂಗಳು ಕಾಲಿಟ್ಟು, ಗಡಿ ರಸ್ತೆ ಸಂಸ್ಥೆಯವರು ಹಿಮ ಸರಿಸಿ ಹಾದಿ ತೆರೆದರೆಂಬ ಸುದ್ದಿ ಬಂದೊಡನೆ ಮನಾಲಿಯ ಬೀದಿಗಳಲ್ಲಿ ಸೈಕಲ್ಲುಗಳು ಕಾಣಿಸಿಕೊಳ್ಳುತ್ತವೆ. ಬೆಂಗಳೂರು, ಪುಣೆಗಳಿಂದ ಹಿಡಿದು ದೂರದ ಯುರೋಪಿನವರೆಗೆ ಎಲ್ಲೆಲ್ಲಿಂದಲೋ ಬಂದ ಸವಾರರು ಕ್ಯಾರಿಯರಿನ ಎರಡೂ ಬದಿಗೆ ಚೀಲ ಬಿಗಿದು, ಚಹದಂಗಡಿಯ ಮೇಜಿನ ಮೇಲೆ ನಕ್ಷೆ ಹರಡಿ ಕೂತಿರುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಕಿಲೋಮೀಟರ್? ಮನಾಲಿಯಿಂದ ಲೇಹ್‌ಗೆ ಸುಮಾರು 475 ಕಿ.ಮೀ. ರಜೆ ಇರುವುದು ಎಂಟು ದಿನ. ಅಂದರೆ ದಿನಕ್ಕೆ ಅರವತ್ತು. ಊರಿನಲ್ಲಿ ಭಾನುವಾರ ಬೆಳಿಗ್ಗೆ ತಿಂಡಿಗೆ ಮುಂಚೆ ಅಷ್ಟು ದೂರ ತುಳಿದು ಬರುವವರಿಗೆ ಇದೇನು ಮಹಾ ಎನಿಸಿದರೆ ಆಶ್ಚರ್ಯವಿಲ್ಲ.

ಭಾಗಾಕಾರವೇನೋ ಸರಿ, ಭಾಗಿಸಲು ಆರಿಸಿಕೊಂಡ ಸಂಖ್ಯೆ ಸರಿಯಿಲ್ಲ. ಹಿಮಾಲಯದ ಈ ಸೀಮೆಯಲ್ಲಿ ಸವಾರಿಯ ಯೋಜನೆ ಹಾಕುವವರು ಮೊದಲು ನೋಡಬೇಕಾದದ್ದು, ಪ್ರತಿ ರಾತ್ರಿ ತಲೆ ಇಡುವ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು.

ಇದರ ಹಿಂದಿರುವುದು ಹೈಸ್ಕೂಲು ಪಾಠದ ವಿಜ್ಞಾನವೇ. ಬೆಟ್ಟದ ಮೇಲೆ ಆಮ್ಲಜನಕ ಕಡಿಮೆ ಎನ್ನುತ್ತೇವಲ್ಲ, ವಾಸ್ತವವಾಗಿ ಗಾಳಿಯಲ್ಲಿ ಅದರ ಪಾಲು ಎಲ್ಲ ಕಡೆಯೂ ಶೇಕಡಾ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್ ಇರುವ 3500 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೆ ಇಳಿದಿರುತ್ತದೆ. 5300 ಮೀಟರಿಗೆ ಹೋದರೆ ಹೆಚ್ಚುಕಡಿಮೆ ಅರ್ಧ. ಒಂದೊಂದು ಉಸಿರಿನಲ್ಲೂ ಪುಪ್ಪುಸಕ್ಕೆ ಸಿಗುವ ಆಮ್ಲಜನಕವೂ ಅಷ್ಟರಮಟ್ಟಿಗೆ ಇಳಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅವಸರ ಮಾಡಿದರೆ ಕೇಳುವುದಿಲ್ಲ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ತಂಗಬೇಕು ಎಂಬುದು ವೈದ್ಯರು ಹೇಳುವ ಸಾಮಾನ್ಯ ಸೂತ್ರ. ಹಗಲು ಎಷ್ಟು ಎತ್ತರ ಏರಿ ಇಳಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ.

ಆದ್ದರಿಂದ ಹೊರಡುವ ಮುನ್ನ ಮಕ್ಕಳ ಗ್ರಾಫ್ ಹಾಳೆಯೊಂದನ್ನು ತೆಗೆದುಕೊಳ್ಳುವುದು ಒಳ್ಳೆಯದು. ಅಡ್ಡಗೆರೆಯಲ್ಲಿ ದೂರ, ಲಂಬಗೆರೆಯಲ್ಲಿ ಎತ್ತರ. ಊರುಗಳನ್ನೂ ಕಣಿವೆದಾರಿಗಳನ್ನೂ ಗುರುತಿಸಿ ಗೆರೆ ಎಳೆಯಿರಿ. ಆಮೇಲೆ ತಂಗುವ ಜಾಗಗಳಿಗೆ ಮಾತ್ರ ಕೆಂಪು ಪೆನ್ಸಿಲಿನಿಂದ ಚುಕ್ಕೆ ಇಡಿ. ಆ ಕೆಂಪು ಚುಕ್ಕೆಗಳು ಮೆಟ್ಟಿಲಿನಂತೆ ನಿಧಾನವಾಗಿ ಏರುತ್ತಿದ್ದರೆ ಪ್ರವಾಸ ಸುಸೂತ್ರ. ನಡುವೆ ಎಲ್ಲಾದರೂ ಗೋಡೆಯಂತೆ ನೆಟ್ಟಗೆ ನಿಂತರೆ ಅಲ್ಲಿ ಒಂದು ದಿನ ಸೇರಿಸಬೇಕು, ಇಲ್ಲವೇ ದಾರಿಯನ್ನೇ ಬದಲಿಸಬೇಕು.

ಮನಾಲಿ ದಾರಿಯ ಗ್ರಾಫ್ ನೋಡಿ. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿಯ ಎತ್ತರ 1930 ಮೀಟರ್. ಮನಾಲಿ ಪೇಟೆ ಇರುವುದೇ ಅದಕ್ಕಿಂತ ಮೇಲೆ, ಸುಮಾರು 2050 ಮೀಟರಿನಲ್ಲಿ. ಅಲ್ಲಿಂದ 51 ಕಿ.ಮೀ. ಏರಿದರೆ 3978 ಮೀಟರಿನ ರೋಹ್ತಾಂಗ್. 2020ರ ಅಕ್ಟೋಬರಿನಲ್ಲಿ ಒಂಬತ್ತು ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಲೇಹ್‌ಗೆ ಹೋಗುವ ಲಾರಿಗಳೂ ಬಸ್ಸುಗಳೂ ಬೆಟ್ಟದ ಅಡಿಯಲ್ಲೇ ಸಾಗುತ್ತವೆ. ಸೈಕಲ್ಲಿನವರು ಮಾತ್ರ ಹಳೆಯ ದಾರಿಯನ್ನು ಬಿಡಬಾರದು. ದೇವದಾರು ಕಾಡು ಮುಗಿದು ಹುಲ್ಲುಗಾವಲು, ಹುಲ್ಲು ಮುಗಿದು ಬಂಡೆ, ಬಂಡೆಯಾಚೆ ಹಿಮ. ಇಷ್ಟನ್ನೂ ಎರಡು ದಿನದಲ್ಲಿ ತೋರಿಸುವ ದಾರಿ ಅದು. ಮೇಲಾಗಿ ನಾಲ್ಕು ಸಾವಿರ ಮೀಟರಿನವರೆಗೆ ಏರಿ, ಲಾಹೌಲ್ ಕಣಿವೆಯ 3100 ಮೀಟರಿಗೆ ಇಳಿದು ಮಲಗುವುದು ದೇಹಕ್ಕೆ ಸಿಗುವ ಮೊದಲ ಪಾಠ.

ಕೇಲಾಂಗ್, ಜಿಸ್ಪಾ ದಾಟುವವರೆಗೂ ಕೆಂಪು ಚುಕ್ಕೆಗಳು ಸಮಾಧಾನವಾಗಿರುತ್ತವೆ. ಜಿಸ್ಪಾದ ಎತ್ತರ ಸುಮಾರು 3200 ಮೀಟರ್. ಮುಂದಿನ ಪ್ರಸಿದ್ಧ ತಂಗುದಾಣ ಸರ್ಚು 4290 ಮೀಟರ್. ಮೋಟಾರಿನಲ್ಲಿ ಬಂದವರು ಜಿಸ್ಪಾದಿಂದ ಸರ್ಚುವಿಗೆ ಒಂದೇ ದಿನ ಹೋಗಿ, ರಾತ್ರಿಯೆಲ್ಲ ತಲೆ ಹಿಡಿದುಕೊಂಡು ಕೂರುವುದುಂಟು. ಗ್ರಾಫಿನಲ್ಲಿ ಗೋಡೆ ನಿಲ್ಲುವುದು ಇಲ್ಲೇ. ಸೈಕಲ್ ಸವಾರರು ಜಿಸ್ಪಾದಲ್ಲಿ ಎರಡು ರಾತ್ರಿ ಕಳೆದು, ಪಟ್ಸಿಯೊ ಬಳಿ ಒಂದು ರಾತ್ರಿ, ಜಿಂಗ್‌ಜಿಂಗ್‌ಬಾರ್‌ನಲ್ಲಿ ಒಂದು ರಾತ್ರಿ ತಂಗಿ, ಆಮೇಲೆ 4890 ಮೀಟರಿನ ಬಾರಾಲಾಚಾ ಲಾ ದಾಟಿದರೆ ಗೋಡೆ ಮೆಟ್ಟಿಲಾಗುತ್ತದೆ. (ಲಾ ಎಂದರೆ ಅಲ್ಲಿನ ಭಾಷೆಯಲ್ಲಿ ಪರ್ವತ ದಾಟುವ ಕಣಿವೆದಾರಿ.)

ಸರ್ಚುವಿನಿಂದ ಆಚೆಗೆ ಈ ರಸ್ತೆಯ ನಿಜವಾದ ಸೊಗಸು, ನಿಜವಾದ ಅಪಾಯ ಎರಡೂ ಇವೆ. ಗಾಟಾ ಲೂಪ್ಸ್ ಎಂಬ 21 ಹೇರ್‌ಪಿನ್ ತಿರುವುಗಳು ಹಾವಿನಂತೆ ಬೆಟ್ಟ ಹತ್ತುತ್ತವೆ. ಕೆಳಗಿನಿಂದ ನೋಡಿದರೆ ಎದೆ ಝಲ್ಲೆನ್ನುತ್ತದೆ. ತುಳಿಯತೊಡಗಿದರೆ ಅಷ್ಟು ಕಡಿದಾಗಿಲ್ಲ. ಭಾರ ಹೊತ್ತ ಲಾರಿಗಳು ಏರಲೆಂದು ಮಾಡಿದ ರಸ್ತೆಯಾದ್ದರಿಂದ ಏರು ಹದವಾಗಿಯೇ ಇದೆ. ಅಲ್ಲಿಂದ ನಕೀ ಲಾ, ಮತ್ತೆ 5000 ಮೀಟರ್ ಮೀರಿದ ಲಾಚುಂಗ್ ಲಾ, ಕೆಂಪು-ಹಳದಿ ಬಂಡೆಗಳ ಕಂದರ, ಸುಮಾರು 4600 ಮೀಟರಿನ ಪಾಂಗ್. ಬಳಿಕ ನಲವತ್ತು ಕಿ.ಮೀ. ಉದ್ದದ ಮೋರೆ ಬಯಲು. ಎತ್ತರದಲ್ಲಿ ಇಷ್ಟೊಂದು ಸಪಾಟು ನೆಲ ಇರಬಹುದೆಂದು ನಂಬುವುದೇ ಕಷ್ಟ. ಕೊನೆಗೆ 5328 ಮೀಟರಿನ ತಂಗ್ಲಾಂಗ್ ಲಾ.

ಈಗ ಗ್ರಾಫನ್ನು ಇನ್ನೊಮ್ಮೆ ನೋಡಿ. ಎತ್ತರದ ಕಾಯಿಲೆ ಜೋರಾದರೆ ಇರುವ ಮುಖ್ಯ ಮದ್ದು ಕೆಳಗಿಳಿಯುವುದು. ಪಾಂಗ್‌ನಲ್ಲಿ ಕಾಯಿಲೆ ಬಿದ್ದವರು ಇಳಿಯುವುದೆಲ್ಲಿಗೆ? ದಕ್ಷಿಣಕ್ಕೆ ಹೋಗಬೇಕಾದರೆ ಲಾಚುಂಗ್ ಲಾ ಏರಬೇಕು. ಉತ್ತರಕ್ಕಾದರೆ ತಂಗ್ಲಾಂಗ್ ಲಾ. ಸರ್ಚುವಿನಲ್ಲಿ ಬಿದ್ದವರಿಗೂ ಒಂದು ಕಡೆ ಬಾರಾಲಾಚಾ, ಇನ್ನೊಂದು ಕಡೆ ನಕೀ ಲಾ. ಎರಡೂ ಬಾಗಿಲು ಮಾಳಿಗೆಯ ಮೇಲಿರುವ ಮನೆಯಂತೆ ಈ ಜಾಗ. ಬೇರೆ ಅನೇಕ ಬೆಟ್ಟದ ರಸ್ತೆಗಳಲ್ಲಿ ಸೈಕಲ್ ತಿರುಗಿಸಿದರೆ ಸಾಕು, ಇಳಿಜಾರು ತಾನೇ ಕೆಳಗೆ ಕರೆದೊಯ್ಯುತ್ತದೆ. ಇಲ್ಲಿ ಹಾಗಿಲ್ಲ. ಬಾರಾಲಾಚಾ ದಾಟುವ ಮುನ್ನ ತಲೆನೋವು, ವಾಕರಿಕೆ, ಊಟ ಸೇರದಿರುವುದು ಇವುಗಳಲ್ಲಿ ಯಾವುದಿದ್ದರೂ ಜಿಂಗ್‌ಜಿಂಗ್‌ಬಾರ್‌ನಲ್ಲೇ ನಿಲ್ಲಬೇಕು ಅಥವಾ ಜಿಸ್ಪಾಕ್ಕೆ ಇಳಿಯಬೇಕು. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಸರಳರೇಖೆಯಲ್ಲಿ ಹೆಜ್ಜೆ ಇಡಲಾಗದೆ ತೂರಾಡುವುದು ಕಂಡರಂತೂ ಕಾಯುವ ಮಾತೇ ಇಲ್ಲ. ಸಿಕ್ಕ ವಾಹನ ಹಿಡಿದು ಇಳಿಸಬೇಕು. ಹೀಗೆಲ್ಲ ಲೆಕ್ಕ ಹಾಕಿದರೆ ಎಂಟು ದಿನದ ಯೋಜನೆ ಹನ್ನೆರಡಕ್ಕೆ ಬಂದು ನಿಲ್ಲುತ್ತದೆ. ರಜೆ ಅಷ್ಟಿಲ್ಲದವರು ಈ ದಾರಿಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದೇ ಲೇಸು.

ಶ್ರೀನಗರದ ದಾರಿಯನ್ನು ಜನ ಇಷ್ಟಾಗಿ ಹೊಗಳುವುದಿಲ್ಲ. ಆದರೆ ಮೊದಲ ಬಾರಿ ಹೋಗುವವರಿಗೆ ಅದರ ಗ್ರಾಫ್ ಎಷ್ಟೋ ಕರುಣಾಳು. ಸುಮಾರು 420 ಕಿ.ಮೀ. ಜೋಜಿ ಲಾ 3528 ಮೀಟರ್, ಆಮೇಲೆ ದ್ರಾಸ್, ಮತ್ತೆ 2676 ಮೀಟರಿನ ಕಾರ್ಗಿಲ್‌ಗೆ ಇಳಿತ. ಇಡೀ ದಾರಿಯ ಅತ್ಯುನ್ನತ ಸ್ಥಳ ಫೋಟು ಲಾ ಕೇವಲ 4108 ಮೀಟರ್. ರಾತ್ರಿ ತಂಗಲು ಊರುಗಳಿವೆ, ಬೇನೆ ಬಂದರೆ ಇಳಿಯಲು ತಾವಿದೆ. ಜೋಜಿ ಲಾದ ಧೂಳು, ಸೇನೆಯ ಲಾರಿಗಳ ಸಾಲು ಇವುಗಳನ್ನು ಮಾತ್ರ ಸಹಿಸಬೇಕು.

ಇನ್ನು ವಿಮಾನದಲ್ಲಿ ಬಂದಿಳಿಯುವವರ ಕಥೆ. ದೆಹಲಿಯಿಂದ ಒಂದೂವರೆ ಗಂಟೆಯೊಳಗೆ 3500 ಮೀಟರ್! ಇವರು ಮೊದಲ ಎರಡು ದಿನ ಸೈಕಲ್ಲಿನ ಕಟ್ಟು ಬಿಚ್ಚದಿರುವುದೇ ಕ್ಷೇಮ. ಮೂರನೆಯ ದಿನ ಸಿಂಧೂ ನದಿಯ ದಂಡೆಗೆ ಇಳಿದು ಶೇ ಅರಮನೆ, ತಿಕ್ಸೆ ಗೊಂಪ ನೋಡಿಬರಬಹುದು. ಒಂದು ಕಡೆಗೆ ಇಪ್ಪತ್ತು ಕಿ.ಮೀ. ಒಳಗೆ. ಬೆಟ್ಟದ ಮೈಗೆ ಅಂಟಿಕೊಂಡ ತಿಕ್ಸೆಯ ಬಿಳಿ ಕಟ್ಟಡಗಳು, ಕೆಳಗೆ ಬಾರ್ಲಿಯ ಹಸಿರು, ಅದರಾಚೆ ಬೋಳು ಗುಡ್ಡ. ಬಣ್ಣಗಳು ಇಷ್ಟು ನಿಚ್ಚಳವಾಗಿ ಕಾಣುವುದು ಗಾಳಿಯಲ್ಲಿ ತೇವವೂ ಧೂಳೂ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ. ಒಂದು ಸಂಗತಿ ಮರೆಯಬಾರದು: ಲೇಹ್ ಪೇಟೆ ನದಿಗಿಂತ ಸುಮಾರು 250 ಮೀಟರ್ ಮೇಲಿದೆ. ಬೆಳಿಗ್ಗೆ ಪೆಡಲ್ ತುಳಿಯದೆ ಜಾರಿ ಬಂದ ಇಳಿಜಾರನ್ನೇ ಮಧ್ಯಾಹ್ನದ ಬಿಸಿಲಲ್ಲಿ, ದಣಿದ ಕಾಲಲ್ಲಿ ಏರಬೇಕು.

ಲೇಹ್‌ಗೆ ಬಂದವರಿಗೆಲ್ಲ ಖರ್ದುಂಗ್ ಲಾದ ಹುಚ್ಚು. ಅಲ್ಲಿನ ಫಲಕದಲ್ಲಿ ಬಹುಕಾಲ 18,380 ಅಡಿ ಎಂದು ಬರೆದಿತ್ತು. ಈಚಿನ ಉಪಗ್ರಹ ಆಧಾರಿತ ಅಳತೆಗಳ ಪ್ರಕಾರ ಅದು 17,582 ಅಡಿ, ಅಂದರೆ 5359 ಮೀಟರ್. ಎಂಟುನೂರು ಅಡಿ ಕಡಿಮೆಯಾದರೂ ಏರುವವರ ಉಸಿರೇನೂ ಅದರಿಂದ ಹಗುರಾಗುವುದಿಲ್ಲ. ಲೇಹ್‌ನಿಂದ ಸುಮಾರು 40 ಕಿ.ಮೀ. ದೂರದಲ್ಲಿ 1850 ಮೀಟರ್ ಏರು. ಸವಾರ, ಸೈಕಲ್ ಸೇರಿ 85 ಕಿಲೋ ಎನ್ನಿ. ಈ ಭಾರವನ್ನು ಅಷ್ಟೆತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು 370 ಕಿಲೋಕ್ಯಾಲೊರಿ. ತಿಂದದ್ದರಲ್ಲಿ ಕಾಲುಭಾಗವಷ್ಟೇ ದುಡಿಮೆಯಾಗಿ ಬದಲಾಗುವುದರಿಂದ ದೇಹ ಖರ್ಚು ಮಾಡಬೇಕಾದದ್ದು ಸುಮಾರು 1500. ಇದೇನು ದೊಡ್ಡ ಮೊತ್ತವಲ್ಲ. ಸೌದೆ ಇದೆ, ಒಲೆಗೆ ಗಾಳಿ ಸಾಲದು ಎಂಬುದೇ ಇಲ್ಲಿನ ಕಷ್ಟ. ಗಂಟೆಗೆ ಐದಾರು ಕಿ.ಮೀ. ಹೋದರೆ ಹೆಚ್ಚು. ಲೇಹ್‌ನಲ್ಲಿ ಕನಿಷ್ಠ ಐದಾರು ರಾತ್ರಿ ಕಳೆದವರು ನಸುಕಿನಲ್ಲೇ ಹೊರಟು, ಮೇಲೆ ಹತ್ತಿಪ್ಪತ್ತು ನಿಮಿಷ ನಿಂತು ಇಳಿಯುವುದು ಸರಿ. ಬೆವರಿದ ಅಂಗಿಯಲ್ಲೇ ಇಳಿಯಲು ಹೊರಟರೆ ಚಳಿ ಮೂಳೆ ಹೊಗುತ್ತದೆ. ಒಣ ಅಂಗಿ, ಗಾಳಿ ತಡೆಯುವ ಜಾಕೆಟ್, ಕೈಗವಸು ಚೀಲದಲ್ಲಿರಲೇಬೇಕು. ಜೀಪಿನಲ್ಲಿ ಸೈಕಲ್ಲನ್ನೂ ಸವಾರನನ್ನೂ ಮೇಲಕ್ಕೊಯ್ದು ಅಲ್ಲಿಂದ ಉರುಳಿಬಿಡುವ ವ್ಯವಸ್ಥೆಯೂ ಪೇಟೆಯಲ್ಲಿದೆ. ಮೋಜಿಗೆ ಅಡ್ಡಿಯಿಲ್ಲ, ಆದರೆ ಬಂದಿಳಿದ ಮರುದಿನವೇ ಅದಕ್ಕೆ ಹೆಸರು ಬರೆಸುವವರನ್ನು ಕಂಡರೆ ಮರುಕ ಹುಟ್ಟುತ್ತದೆ.

ಎತ್ತರಕ್ಕೆ ಹೋದಂತೆ ಚಿಪ್ಸ್ ಪೊಟ್ಟಣಗಳು ಬಲೂನಿನಂತೆ ಉಬ್ಬುವುದನ್ನು ಕಂಡು ಟಯರು ಸಿಡಿಯುವುದೇ ಎಂದು ಹೆದರುವವರುಂಟು. ಮನಾಲಿಯಲ್ಲಿ ತುಂಬಿದ ಗಾಳಿ ತಂಗ್ಲಾಂಗ್ ಲಾದಲ್ಲಿ ಹೆಚ್ಚೆಂದರೆ ನಾಲ್ಕು ಪೌಂಡು ಜಾಸ್ತಿ ತೋರಿಸೀತು, ಚಿಂತೆಯಿಲ್ಲ. ಚಿಂತಿಸಬೇಕಾದದ್ದು ಹಳ್ಳಗಳ ಬಗ್ಗೆ. ಹಿಮ ಕರಗುವುದು ಹಗಲಿನಲ್ಲಿ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನಕ್ಕೆ ಮೊಣಕಾಲು ಮುಟ್ಟಿ ಸೈಕಲ್ಲನ್ನೇ ಎಳೆಯಬಹುದು. ಹಲವೆಡೆ ಈಗ ಸೇತುವೆಗಳಾಗಿದ್ದರೂ ಹಳ್ಳಗಳಿರುವ ಭಾಗವನ್ನು ಹತ್ತು ಗಂಟೆಯೊಳಗೆ ದಾಟುವಂತೆ ದಿನದ ಹೊರಡುವ ವೇಳೆ ಗೊತ್ತುಮಾಡಿಕೊಳ್ಳಬೇಕು.

ಗಾಳಿಗೂ ಇಂಥದೇ ವೇಳಾಪಟ್ಟಿ ಇದೆ. ಬಿಸಿಲಿಗೆ ಬೆಟ್ಟದ ಇಳಿಜಾರು ಕಾದು ಅಲ್ಲಿನ ಗಾಳಿ ಮೇಲೇಳುತ್ತದೆ. ಆ ಜಾಗಕ್ಕೆ ಕೆಳಗಿನ ಕಣಿವೆಯಿಂದ ಗಾಳಿ ನುಗ್ಗುತ್ತದೆ. ಆದ್ದರಿಂದ ಮಧ್ಯಾಹ್ನದ ಮೇಲೆ ಸಿಂಧೂ ಕಣಿವೆಯಲ್ಲಿ ಗಾಳಿ ಸಾಮಾನ್ಯವಾಗಿ ಹೊಳೆಯ ಹರಿವಿಗೆ ಎದುರಾಗಿ ಬೀಸುತ್ತದೆ. ಲೇಹ್‌ನಿಂದ ನಿಮ್ಮು ಕಡೆಗೆ ಹೊಳೆಗುಂಟ ಇಳಿಯುವವರು ಮಧ್ಯಾಹ್ನಕ್ಕೆ ಮೊದಲೇ ಗುರಿ ಸೇರಬೇಕು, ಇಲ್ಲವಾದರೆ ಇಳಿಜಾರಿನಲ್ಲೂ ತುಳಿಯಬೇಕಾದೀತು.

ಒಂದೇ ವಾರ ಕೈಯಲ್ಲಿರುವವರಿಗೆ ಈ ಗಾಳಿಯನ್ನೇ ನಂಬಿದ ಒಂದು ದಾರಿಯಿದೆ. ಲೇಹ್‌ನಲ್ಲಿ ಮೂರು ದಿನ ವಿಶ್ರಮಿಸಿ, ಸೈಕಲ್ಲನ್ನು ವಾಹನದ ಮೇಲೇರಿಸಿ ಪಶ್ಚಿಮಕ್ಕೆ ಫೋಟು ಲಾವರೆಗೆ ಹೋಗುವುದು. ಅಲ್ಲಿಂದ ಮೂರು ದಿನದಲ್ಲಿ ಲೇಹ್‌ಗೆ ತುಳಿದುಕೊಂಡು ಮರಳುವುದು. ಮೊದಲ ದಿನವೆಲ್ಲ ಇಳಿತ. ಹಳೆಯ ಸರೋವರದ ಮಣ್ಣು ಮಳೆಗಾಳಿಗೆ ಕೊರೆದು ಚಂದ್ರನ ನೆಲದಂತಾಗಿರುವ ಲಾಮಾಯೂರು, ಅದರ ಗೊಂಪ, ಕೆಳಗೆ ಖಾಲ್ಸಿಯಲ್ಲಿ ಸಿಂಧೂ ದರ್ಶನ. ಅಲ್ಲಿನ ಎತ್ತರ ಸುಮಾರು 3000 ಮೀಟರ್; ಲೇಹ್‌ನಲ್ಲಿ ಬಾರದ ನಿದ್ದೆ ಇಲ್ಲಿ ಬರುತ್ತದೆ. ಎರಡನೆಯ ದಿನ ಸಾಸ್ಪೋಲ್ ಬಳಿ ಸೇತುವೆ ದಾಟಿ ಆಲ್ಚಿ. ಎಂಟುನೂರು ವರ್ಷಕ್ಕೂ ಹಿಂದಿನ ಅಲ್ಲಿಯ ಭಿತ್ತಿಚಿತ್ರಗಳನ್ನು ನೋಡಲು ಅರ್ಧ ದಿನವಾದರೂ ಬೇಕು. ಮೂರನೆಯ ದಿನ ಬಾಸ್ಗೋದ ಏರು, ನಿಮ್ಮು ಬಳಿ ಹಸಿರು ಸಿಂಧೂ, ಕೆಸರುಬಣ್ಣದ ಝಾನ್ಸ್ಕಾರ್ ಕೂಡುವ ಸಂಗಮ, ಮುಂದೆ ಲೇಹ್‌ವರೆಗಿನ ದೀರ್ಘ ಏರು. ಮಧ್ಯಾಹ್ನದ ಗಾಳಿ ಅಷ್ಟು ಹೊತ್ತಿಗೆ ಬೆನ್ನಿಗಿರುತ್ತದೆ. ಜುಲೈ ಕೊನೆ, ಆಗಸ್ಟ್ ತಿಂಗಳಲ್ಲಿ ಹೋದವರಿಗೆ ಖಾಲ್ಸಿಯಿಂದ ಸಾಸ್ಪೋಲ್‌ವರೆಗೂ ರಸ್ತೆಬದಿಯಲ್ಲಿ ಜರ್ದಾಳು ಹಣ್ಣು ಮಾರುವ ಹೆಂಗಸರು ಸಿಗುತ್ತಾರೆ. ಒಂದು ಬುಟ್ಟಿ ಕೊಂಡು, ಹಣ್ಣು ತಿಂದು, ಬೀಜ ಒಡೆದು ತಿರುಳನ್ನೂ ರುಚಿ ನೋಡಲು ಬೇಕಾದಷ್ಟು ಹೊತ್ತು ಈ ಯೋಜನೆಯಲ್ಲಿದೆ. ಕಹಿ ತಿರುಳಿನವೂ ಇರುತ್ತವೆ, ಅವನ್ನು ಉಗಿದುಬಿಡಬೇಕು.